ಹಗ್ಗಾ ಹಿಡದೀಯೇನೋ, ಮಾದೇವಾ?

ಪುಣೆ ಹತ್ತಿರದ ನಿಗಡಿಯ ನಮ್ಮ ಕನ್ನಡ ಬಳಗದ ಹುಡುಗ ಹುಡುಗಿಯರು ಈ ವರ್ಷ ಒಂದು ನಾಟಕ ಕಟ್ಟುತ್ತಿದ್ದಾರೆ. ಹಿಂಜವಾಡಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ ಸುಷ್ಮಾ ಎಂಬ ಮೈಸೂರಿನ ಹುಡುಗಿಗೆ ಪಾತ್ರ ಸಿಗಲಿಲ್ಲ, ಪರದೆಯ ಕೆಲಸ ಕೊಟ್ಟರು. ಆಕೆ ಕಳೆದ ರವಿವಾರ ನಮ್ಮ ಮನೆಗೆ ಬಂದಿದ್ದಳು.

"ಅಂಕಲ್, ನೀವು ಮೂವತ್ತನಾಲ್ಕು ವರ್ಷ ಬರೀ ಕರ್ಟನ್ ಎಳೆದ್ರಂತೆ? ಅದ್ರಲ್ಲಿ ಕಲಿಯೋಕೆ ಏನಿದೆ ಹೇಳಿ. ಬಟನ್ ಒತ್ತಿದ್ರೆ ಆಯ್ತಲ್ವಾ?"

ಸಿಟ್ಟು ನೆತ್ತಿಗೇರಿತು. ಹೆಂಡತಿ ಚಹಾ ತಂದುಕೊಟ್ಟಿದ್ದರಿಂದ ಹುಡುಗಿ ಪಾರಾದಳು. ಅಂದು ಬಾಯಲ್ಲಿ ಹೇಳಲಾಗದ್ದನ್ನು ಈಗ ಬರೆಯುತ್ತಿದ್ದೇನೆ. ಇದು ಸುಷ್ಮಾಗೆ, ಮತ್ತು ಪರದೆಯ ಪಕ್ಕದಲ್ಲಿ ನಿಲ್ಲಬೇಕಾಗಿ ಬಂದು ಮುಖ ಸಣ್ಣದು ಮಾಡಿಕೊಂಡ ಎಲ್ಲರಿಗೂ. ನನಗೆ ಎರಡು ಸಲ ಬಡ್ತಿ ಬಂತು. ಎರಡೂ ಸಲ ಕೈಯಲ್ಲಿ ಪರದೆಯ ಹಗ್ಗ ಅದೇ ಇತ್ತು, ಆದ್ದರಿಂದ ಆ ಮಾತು ಬೇಡ. ನನ್ನ ಕೈಯಿಂದ ಒಂದು ತಪ್ಪಾಯಿತು. ಆ ತಪ್ಪಿನಿಂದ ಒಬ್ಬ ದೊಡ್ಡ ನಟನ ಪಾತ್ರ ಹೋಯಿತು. ಅದನ್ನು ಅವರಿಗೆ ಮರಳಿ ಕೊಡಿಸದೆ ನಿವೃತ್ತನಾಗುವುದಿಲ್ಲ ಎಂದು ಹಠ ಹಿಡಿದೆ. ಹೇಳಬೇಕಾದದ್ದು ಅದನ್ನೇ. ಆದರೆ ಅದಕ್ಕೆ ಮೊದಲು ಕೆಲಸ ಹೇಗಿತ್ತೆಂದು ತಿಳಿಯಬೇಕು.

ನಮ್ಮ ಥಿಯೇಟರ್ ಪುಣೆಯ ಹಳೆಯ ಪೇಟೆಯ ನಡುವೆ ಇದೆ. ಕಲ್ಲಿನ ಕಮಾನು, ಮರದ ಬಾಲ್ಕನಿ, ಸಂಗೀತ ನಾಟಕಗಳ ಕಾಲದಿಂದಲೂ ಜನ ತುಳಿದು ತುಳಿದು ಸವೆದ ಮೆಟ್ಟಿಲು. ನಮ್ಮಪ್ಪ ವಿಜಯಪುರ ಕಡೆಯಿಂದ ಬಂದು ಅದೇ ಪೇಟೆಯ ಬಟ್ಟೆ ಅಂಗಡಿಯಲ್ಲಿ ಕಾರಕೂನನಾಗಿದ್ದ. ನಾನು ಓದಿನಲ್ಲಿ ಹಿಂದೆ, ರಟ್ಟೆಯಲ್ಲಿ ಮುಂದೆ. ಹಾಗಾಗಿ ಪರದೆಯ ಪಾಂಡುಮಾಮಾನ ಕೈಕೆಳಗೆ ಸೇರಿಸಿದರು.

ಪಾಂಡುಮಾಮಾ ಎರಡು ತಿಂಗಳು ನನಗೆ ಹಗ್ಗ ಮುಟ್ಟಗೊಡಲಿಲ್ಲ. ರಂಗದ ಎಡಗಡೆಯ ಮರೆಯಲ್ಲಿ, ಅಂದರೆ ವಿಂಗ್‌ನಲ್ಲಿ, ಕಂಬದ ಹಿಂದೆ, ಸುಮ್ಮನೆ ನಿಲ್ಲಿಸಿದ. ಅಲ್ಲಿಂದ ರಂಗದ ಒಂದು ಪಟ್ಟಿ ಮಾತ್ರ ಕಾಣುತ್ತದೆ: ಮೇಜಿನ ಒಂದು ಮೂಲೆ, ನಟರ ಎಡಭುಜ, ಎಡಗೈ. ಮುಖವೂ ಇಲ್ಲ, ಪ್ರೇಕ್ಷಕರೂ ಇಲ್ಲ. "ಕಾಣಸೂದಿಲ್ಲಲ್ಲ ಮಾಮಾ" ಎಂದರೆ ಮರಾಠಿಯಲ್ಲಿ ಬೈದು ಕಿವಿ ಹಿಡಿದು ತಿರುಚಿದ. ಕಿವಿಯಿಂದ ಕೆಲಸ ಮಾಡು ಎಂದು ಅದರರ್ಥ. ನಮ್ಮ ಪರದೆ ಮೇಲಕ್ಕೇರಿ ಕೆಳಗಿಳಿಯುವಂಥದು. ಒಂದು ತುದಿಯಲ್ಲಿ ಮರಳಿನ ಚೀಲಗಳ ಭಾರ, ಇನ್ನೊಂದು ತುದಿಯಲ್ಲಿ ನನ್ನ ಎರಡು ಅಂಗೈ. ಏರಿಸುವುದಕ್ಕೆ ಬಲ ಸಾಕು. ಇಳಿಸುವುದಕ್ಕೆ ಬುದ್ಧಿ ಬೇಕು. ನಗೆ ನಾಟಕವಾದರೆ ಒಂದೇ ಉಸಿರಿನಲ್ಲಿ ಬಿಡಬೇಕು, ಜನರ ನಗೆ ಆರುವುದರೊಳಗೆ. ಅಳಿಸುವ ನಾಟಕವಾದರೆ ನಾಲ್ಕು ಉಸಿರು. ಗಡಿಯಾರ ನೋಡಬಾರದು, ಉಸಿರು ಎಣಿಸಬೇಕು. ಇದು ಬಟನ್ನಿಗೂ ಅನ್ವಯಿಸುತ್ತದೆ, ಸುಷ್ಮಾ.

ಮೊದಲ ವರ್ಷದ ಒಂದು ಅವಾಂತರ ಹೇಳುತ್ತೇನೆ. ನಾಟಕ ಶುರುವೆಂದು ಸಾರುವ ಮೂರನೇ ಘಂಟೆ ಬಾರಿಸಿತು, ಪರದೆ ಏರಿಸಿದೆ. ದಿವಾನಖಾನೆಯ ಸೆಟ್ಟು. ಸೋಫಾದ ಮೇಲೆ ನಮ್ಮ ಬಡಗಿ ಬಾಯಲ್ಲಿ ನಾಲ್ಕು ಮೊಳೆ ಕಚ್ಚಿಕೊಂಡು, ಕೈಯಲ್ಲಿ ಸುತ್ತಿಗೆ ಹಿಡಿದು ಕೂತಿದ್ದ. ಎಂಟುನೂರು ಜನ ಅವನನ್ನು ನೋಡಿದರು, ಅವನು ಎಂಟುನೂರು ಜನರನ್ನು ನೋಡಿದ. ಗಂಭೀರವಾಗಿ ಎದ್ದು, ಗೋಡೆಯ ಫೋಟೋಕ್ಕೆ ಒಂದು ಮೊಳೆ ಹೊಡೆದು, ಕೈಮುಗಿದು ಹೊರಟುಹೋದ. ಚಪ್ಪಾಳೆಯೋ ಚಪ್ಪಾಳೆ! ಮುಂದಿನ ಪ್ರಯೋಗಕ್ಕೂ ತಾನು ಹೋಗುತ್ತೇನೆಂದು ಮೂರು ದಿನ ನಮ್ಮ ಬೆನ್ನು ಹತ್ತಿದ್ದ. ಅಂದಿನಿಂದ ರಂಗ ಖಾಲಿಯಿದೆಯೇ ಎಂದು ನಾನೇ ಒಮ್ಮೆ ನಡೆದು ನೋಡದೆ ಹಗ್ಗಕ್ಕೆ ಕೈ ಹಚ್ಚಲಿಲ್ಲ.

ಕೆಲಸದ ರೀತಿ ಬದಲಾಗುತ್ತ ಹೋಯಿತು. ಕೈಯಲ್ಲಿ ಬಾರಿಸುವ ಹಿತ್ತಾಳೆ ಘಂಟೆ ಹೋಗಿ ಕರೆಂಟಿನದು ಬಂತು, ಈಗ ಮುದ್ರಿಸಿಟ್ಟ ಸದ್ದು. ಬಣ್ಣದ ಪರದೆಗಳ ಜಾಗಕ್ಕೆ ಪ್ಲೈವುಡ್ಡಿನ ಗೋಡೆ, ಈಗ ಕೆಲವರು ಬೆಳಕಿನಿಂದಲೇ ಗೋಡೆ ಮಾಡುತ್ತಾರೆ. ವಿಂಗ್‌ನಲ್ಲಿ ಕೂತು ಮರೆತ ಮಾತು ಪಿಸುಗುಟ್ಟುವವರು ಇದ್ದರು, ಅವರನ್ನೂ ತೆಗೆದರು. ಮರೆತರೆ ಇನ್ನು ನಟರಿಗೆ ತಾವೇ ಗತಿ. ಬದಲಾಗದೆ ಉಳಿದದ್ದು ನಮ್ಮ ವ್ಯವಸ್ಥಾಪಕಿ ಸಬನೀಸ್ ಬಾಯಿ. ಮೂರನೇ ಘಂಟೆ ಆಕೆಯ ಕೈಯಲ್ಲಿತ್ತು, ಯಾರಿಗೂ ಒಂದು ನಿಮಿಷ ಕಾಯುತ್ತಿರಲಿಲ್ಲ. ಒಮ್ಮೆ ಉದ್ಘಾಟನೆಗೆ ಬರಬೇಕಿದ್ದ ದೊಡ್ಡವರು ತಡವಾಗಿ ಬಂದರು, ನಾಟಕ ಶುರುವಾಗಿತ್ತು. ಬಾಯಿಯೇ ಅವರನ್ನು ಕತ್ತಲೆಯಲ್ಲಿ ಬ್ಯಾಟರಿ ಹಿಡಿದು ಕೊನೆಯ ಸಾಲಿನಲ್ಲಿ ಕೂಡಿಸಿದರು. "ಘಂಟೆ ನನ್ನದಲ್ಲ, ನಾಟಕದ್ದು" ಎಂದು ಮರಾಠಿಯಲ್ಲಿ ಹೇಳಿ ಕನ್ನಡಕ ಒರೆಸಿಕೊಂಡರು.

ಇನ್ನು ತಾತ್ಯಾ ತಿಕೋಟೇಕರ.

ವಿಜಯಪುರ ಹತ್ತಿರದ ತಿಕೋಟೆಯ ಕನ್ನಡ ಮನೆಯಲ್ಲಿ ಹುಟ್ಟಿ, ಪುಣೆಗೆ ಬಂದು, ಮರಾಠಿ ರಂಗದಲ್ಲಿ ದೊಡ್ಡ ಹೆಸರಾದವರು. ಅವರು ಮರಾಠಿ ಮಾತಾಡಿದರೆ ಶುದ್ಧ ಮರಾಠಿಗೆ ಹೆಸರಾದ ಸದಾಶಿವ ಪೇಟೆಯವರೂ ತಲೆದೂಗುತ್ತಿದ್ದರು. ನನ್ನೊಂದಿಗೆ ಮಾತ್ರ ಕನ್ನಡ. ಅವರದೊಂದು ಅಭ್ಯಾಸ ಇತ್ತು. ಯಾವ ಪಾತ್ರ ಬಂದರೂ ಮುಖ್ಯ ಮಾತುಗಳನ್ನು ಮೊದಲು ಕನ್ನಡಕ್ಕೆ ತಿರುಗಿಸಿಕೊಂಡು, ಬಣ್ಣದ ಕೋಣೆಯಲ್ಲಿ ಗುಣುಗುಣಿಸಿ, ಆಮೇಲೆ ಮರಾಠಿ. ಯಾಕೆಂದು ಕೇಳಿದ್ದೆ.

"ಅವ್ವನ ಭಾಷಾದಾಗ ಹೇಳಕೊಂಡ್ರ ಸುಳ್ಳ ಹೇಳಾಕ ಬರೂದಿಲ್ಲೋ, ಮಾದೇವಾ. ಅಲ್ಲೆ ಖರೇ ಅನ್ನಿಸಿತಂದ್ರ ಮರಾಠಿಯೊಳಗೂ ಖರೇ ಆಗ್ತದ."

ಇನ್ನೊಂದು ರೂಢಿ. ತೆಂಗಿನಕಾಯಿ ಒಡೆದು, ನೆಲ ಮುಟ್ಟಿ ನಮಸ್ಕಾರ ಮಾಡುವುದು ಎಲ್ಲ ನಟರೂ ಮಾಡುವುದೇ. ತಾತ್ಯಾ ಅದಾದ ಮೇಲೆ ನನ್ನ ಕಂಬದ ಹತ್ತಿರ ಬಂದು ಹಗ್ಗ ಮುಟ್ಟುತ್ತಿದ್ದರು. "ಹಗ್ಗಾ ಹಿಡದೀಯೇನೋ, ಮಾದೇವಾ?" "ಹಿಡದೀನ್ರಿ, ತಾತ್ಯಾ." ಅಷ್ಟೇ. ಇಪ್ಪತ್ತಾರು ವರ್ಷ ಒಂದು ಪ್ರಯೋಗಕ್ಕೂ ಇದು ತಪ್ಪಲಿಲ್ಲ. ಆ ಮಾತು ಆಗದಿದ್ದರೆ ನನಗೂ ಪರದೆ ಏರಿಸಲು ಮನಸ್ಸು ಬರುತ್ತಿರಲಿಲ್ಲ.

ಅವರ ಕೊನೆಯ ದೊಡ್ಡ ಪಾತ್ರ ಒಬ್ಬ ಹಠಮಾರಿ ತಂದೆಯದು. ಮಗಳನ್ನು ಮನೆಯಿಂದ ಹೊರಹಾಕಿದವನು. ಕೊನೆಯ ದೃಶ್ಯದಲ್ಲಿ ಆ ಮಗಳು ಬಂದು ನಿಂತಿದ್ದಾಳೆ. ತಂದೆ ಬೀಗದ ಕೈಗಳ ಗೊಂಚಲು ಅವಳ ಕೈಗಿಟ್ಟು, "ಈಗ ಬಾಗಿಲು ನೀನೇ ತೆಗಿ, ಮಗೂ" ಎನ್ನುತ್ತಾನೆ. ಮರಾಠಿಯಲ್ಲಿ ಆ ಕೊನೆಯ ಶಬ್ದ 'ಬಾಳ'. ಅದು ಕಿವಿಗೆ ಬಿದ್ದ ಮೇಲೆ ನಾಲ್ಕು ಉಸಿರಿನಲ್ಲಿ ಪರದೆ. ಬಣ್ಣದ ಕೋಣೆಯ ಬಾಗಿಲಾಚೆಯಿಂದ ಅದೇ ಮಾತು ಕನ್ನಡದಲ್ಲೂ ನನ್ನ ಕಿವಿಗೆ ಎಷ್ಟೋ ಸಲ ಬಿದ್ದಿತ್ತು.

ಒಂದು ರವಿವಾರ ಮಧ್ಯಾಹ್ನದ ಪ್ರಯೋಗ. ತಾತ್ಯಾಗೆ ಎಪ್ಪತ್ತು ದಾಟಿತ್ತು. ಕೊನೆಯ ದೃಶ್ಯದವರೆಗೆ ಎಲ್ಲ ಸುಸೂತ್ರ. ಆಮೇಲೆ ಮಾತು ನಿಂತಿತು. ಯಾವಾಗಲೂ ಎರಡು ಉಸಿರಿನಷ್ಟು ಮೌನ ಇರುವ ಜಾಗ. ನಾಲ್ಕು ಎಣಿಸಿದೆ. ಆರು. ನನಗೆ ಕಾಣುತ್ತಿದ್ದದ್ದು ಅವರ ಎಡಗೈ ಮಾತ್ರ. ಅದರಲ್ಲಿ ಬೀಗದ ಕೈ ಗೊಂಚಲು ಸಣ್ಣಗೆ ನಡುಗುತ್ತಿತ್ತು. ಎಂಟು. ಮರೆತರು ಎಂದುಕೊಂಡೆ. ಅಷ್ಟು ಜನರ ಮುಂದೆ ಆ ಮುದುಕ ಹೀಗೆ ನಿಂತಿರುವುದನ್ನು ಸಹಿಸಲಾಗಲಿಲ್ಲ. ಹತ್ತನೇ ಉಸಿರಿಗೆ ಹಗ್ಗ ಬಿಟ್ಟೆ.

ಯಾರೂ ಹೇಳಿರಲಿಲ್ಲ. ಕರುಣೆಯಿಂದ ಬಿಟ್ಟೆ. ಕೆಲಸದಲ್ಲಿ ಸೋಮಾರಿತನದಿಂದ ಆದ ತಪ್ಪಿಗೆ ಕ್ಷಮೆ ಇದೆ. ಕರುಣೆಯಿಂದ ಆದ ತಪ್ಪು ಇನ್ನೊಬ್ಬರ ತಲೆಯ ಮೇಲೆ ಬೀಳುತ್ತದೆ.

ಪರದೆ ನೆಲ ಮುಟ್ಟಿತು. ಹೊರಗೆ ಗೊಂದಲದ ಚಪ್ಪಾಳೆ. ತಾತ್ಯಾ ಬೀಗದ ಕೈ ಹಿಡಿದುಕೊಂಡೇ ನನ್ನ ಹತ್ತಿರ ನಡೆದು ಬಂದರು.

"ಯಾರ ಹೇಳಿದ್ರು ನಿನಗ ಪಡದಾ ಬಿಡಂತ?"

"ತಾತ್ಯಾ, ನೀವು..."

"ಮರತಿದ್ದೆ. ಹೌದು, ಮರತಿದ್ದೆ. ಬರಾಕತ್ತಿತ್ತೋ! ಬಾಗಲದ ಮಟಾ ಬಂದಿತ್ತು. ನೀ ಬಾಗಲಾ ಹಾಕಿದಿ."

ಅವರು ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು.

ಸಂಜೆಯೊಳಗೆ ಫೋನಿನಿಂದ ಫೋನಿಗೆ ಸುದ್ದಿ ಹಬ್ಬಿತು: ತಾತ್ಯಾಗೆ ಮರೆವು, ಪರದೆ ಹಾಕಿ ಮಾನ ಉಳಿಸಿದರಂತೆ. ನಾಲ್ಕನೆಯ ದಿನ ನಿರ್ಮಾಪಕರು ಆ ಪಾತ್ರವನ್ನು ಬೇರೆಯವರಿಗೆ ಕೊಟ್ಟರು. ತಾತ್ಯಾ ಥಿಯೇಟರಿಗೆ ಬರುವುದನ್ನೇ ನಿಲ್ಲಿಸಿದರು.

ಸಬನೀಸ್ ಬಾಯಿ ನನ್ನನ್ನು ಕರೆದು ಕರ್ತವ್ಯದ ಪುಸ್ತಕ ಮುಂದಿಟ್ಟರು. "ಬರೆಯಿರಿ. ಪರದೆ ನಾನು ಅಪ್ಪಣೆಯಿಲ್ಲದೆ ಇಳಿಸಿದೆ. ನಟರದು ತಪ್ಪಿಲ್ಲ."

"ಬಾಯಿ, ಅವರು ಮರೆತಿದ್ದರಲ್ಲ" ಎಂದೆ.

"ಪರದೆ ಬೀಳುವ ತನಕ ಅದು ಮೌನ, ಮಹಾದೇವರಾವ್. ಮರೆವು ಅಂತ ಮಾಡಿದ್ದು ನೀವು."

ಬರೆದು ಸಹಿ ಹಾಕಿದೆ. ಹಗ್ಗ ಕಸಿದುಕೊಂಡು ನನ್ನನ್ನು ಪ್ರೇಕ್ಷಕರ ಬಾಗಿಲಿಗೆ ಹಾಕಿದರು. ಹಗ್ಗಕ್ಕೆ, ನನ್ನ ಬಿಡುವಿನ ದಿನ ಬರುತ್ತಿದ್ದ ಬದಲಿ ಮನುಷ್ಯನನ್ನು ನಿಲ್ಲಿಸಿದರು. ನಿವೃತ್ತಿಗೆ ಒಂದು ವರ್ಷವೂ ಇರಲಿಲ್ಲ. ಅವಮಾನವಾಯಿತು. ಮನೆಗೆ ಹೋಗಲು ಶಿವಾಜಿನಗರದಲ್ಲಿ ಲೋಕಲ್ ರೈಲು ಹತ್ತಿದರೆ ಅಂಗೈ ತುರಿಸುತ್ತಿತ್ತು, ಹಿಡಿಯಲು ಏನೂ ಇಲ್ಲದೆ.

ಆದರೆ ಬಾಗಿಲ ಕೆಲಸ ನನಗೆ ಒಂದನ್ನು ಕಲಿಸಿತು. ಅಷ್ಟು ವರ್ಷಗಳಲ್ಲಿ ಮೊದಲ ಸಲ ನಾಟಕವನ್ನು ಮುಂದಿನಿಂದ ನೋಡಿದೆ. ತಾತ್ಯಾರ ಪಾತ್ರವನ್ನು ಹೊಸಬರು ಮಾಡುವುದನ್ನೂ ನೋಡಿದೆ. ಒಂದು ಮಾತೂ ತಪ್ಪಲಿಲ್ಲ, ಒಂದು ಕ್ಷಣವೂ ನಿಲ್ಲಲಿಲ್ಲ. ಬೀಗದ ಕೈ ಕೊಡುವ ಹೊತ್ತಿಗೆ ನನ್ನ ಪಕ್ಕದ ಸಾಲಿನ ಮುದುಕಿ ಆಜಿಬಾಯಿ ಹೊರಡಲೆಂದು ಕಾಲಿನಿಂದ ಚಪ್ಪಲಿ ಹುಡುಕುತ್ತಿದ್ದಳು. ಇನ್ನೊಂದು ನಾಟಕದಲ್ಲಿ ನಟಿಯೊಬ್ಬಳು ಬಹಳ ಹೊತ್ತು ಸುಮ್ಮನೆ ನಿಂತಳು. ವಿಂಗ್‌ನಲ್ಲಿದ್ದರೆ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಇಲ್ಲಿ ನೋಡಿದರೆ, ಒಬ್ಬೊಬ್ಬರಾಗಿ ಜನ ಕುರ್ಚಿಯಲ್ಲಿ ಮುಂದಕ್ಕೆ ಬಾಗುತ್ತಿದ್ದಾರೆ. ಮೌನಕ್ಕೆ ಹೆದರುವವರು ಹಿಂದೆ ನಿಂತ ನಾವು ಮಾತ್ರ. ಅಂದೇ ನಿರ್ಧರಿಸಿದೆ: ತಾತ್ಯಾ ಆ ಮಾತನ್ನು ಇದೇ ರಂಗದ ಮೇಲೆ ಮುಗಿಸಬೇಕು.

ನಿರ್ಮಾಪಕರ ಆಫೀಸು ಶಿವಾಜಿನಗರದಲ್ಲಿತ್ತು. ಕರ್ತವ್ಯದ ಪುಸ್ತಕದ ಆ ಪುಟದ ನಕಲು ಹಿಡಿದು ಹೋದೆ. ಮೊದಲ ಸಲ ಹೊರಗೇ ಕೂಡಿಸಿ ಕಳಿಸಿದರು. ಎರಡನೆಯ ಸಲ ಓದಿದರು, "ಆದದ್ದು ಆಯಿತು, ಕಾಕಾ" ಎಂದರು. ಮೂರನೆಯ ಸಲ ಆಜಿಬಾಯಿಯ ಚಪ್ಪಲಿಯ ವಿಷಯ ಹೇಳಿದೆ. ಅವರಿಗೆ ಸಿಟ್ಟು ಬಂತು. ನಾಲ್ಕನೆಯ ಸಲ ಅವರಿಲ್ಲ. ಐದನೆಯ ಸಲ ನನ್ನನ್ನು ನೋಡಿ ತಲೆಯ ಮೇಲೆ ಕೈ ಇಟ್ಟುಕೊಂಡರು. ತರುಣ ಮನುಷ್ಯ, ಕೆಟ್ಟವರಲ್ಲ. ಮರಾಠಿಯಲ್ಲಿ ಅಂದರು: "ಒಂದು ಪ್ರಯೋಗ. ಒಂದೇ ಒಂದು. ತಾರೀಖು ನೀವು ತನ್ನಿ, ತಾತ್ಯಾರನ್ನೂ ನೀವೇ ಒಪ್ಪಿಸಿ."

ತಾರೀಖು ಸಬನೀಸ್ ಬಾಯಿ ಕೊಟ್ಟರು. ಹಗ್ಗ ತೆಗೆದು ಮೋಟಾರು ಕೂಡಿಸಲು ಥಿಯೇಟರ್ ಒಂದು ತಿಂಗಳು ಮುಚ್ಚುವುದಿತ್ತು. ಅದಕ್ಕೆ ಮೊದಲಿನ ಕೊನೆಯ ರವಿವಾರ ಮಧ್ಯಾಹ್ನ.

ತಾತ್ಯಾರ ಮನೆಗೆ ಹೋದಾಗ ಅವರು ಮೊರದಲ್ಲಿ ಶೇಂಗಾ ಆರಿಸುತ್ತ ಕೂತಿದ್ದರು. ತಲೆ ಎತ್ತಲಿಲ್ಲ.

"ಯಾಕ ಬಂದಿ?"

ಎಲ್ಲ ಹೇಳಿದೆ. ಕೈಮುಗಿದೆ. ಅವರು ಎರಡು ಹಾಳು ಕಾಳು ಹೆಕ್ಕಿ ಆಚೆ ಎಸೆದರು.

"ಹಗ್ಗಾ ಯಾರ ಹಿಡೀತಾರ?"

"ಬ್ಯಾರೆ ಮನಷ್ಯಾ ಇದ್ದಾನ್ರಿ. ನಾ ಈಗ ಬಾಗಲಕ್ಕ..."

"ನೀ ಹಿಡದ್ರ ಬರ್ತೀನಿ. ಇಲ್ಲಂದ್ರ ಇಲ್ಲ. ನಾ ಮಾತ ಮುಗಸೂ ಮಟಾ ಹಗ್ಗಾ ಬಿಡಬಾರದು. ಎಷ್ಟ ಹೊತ್ತಾಗವಲ್ದ್ಯಾಕ."

"ಮರತ್ರರಿ?"

ಆಗ ಮುಖ ಎತ್ತಿದರು. "ಮರತ್ರ ಮರೀತೀನಿ. ಮರಿಯೂದು ನನ್ನ ಕೆಲಸ. ನಿಲ್ಲೂದು ನಿನ್ನ ಕೆಲಸ."

ಸಬನೀಸ್ ಬಾಯಿಯ ಮುಂದೆ ನಿಂತು ಹಗ್ಗ ಕೇಳಿದೆ. ಆಕೆ ಕನ್ನಡಕ ತೆಗೆದು ಒರೆಸಿದರು. "ಇನ್ನೊಮ್ಮೆ ಹಾಗಾದರೆ ಅವರು ಮತ್ತೆ ಬಣ್ಣ ಹಚ್ಚುವುದಿಲ್ಲ. ನೆನಪಿರಲಿ" ಎಂದರು, ಅಷ್ಟೇ.

ಆ ರವಿವಾರ ಥಿಯೇಟರ್ ತುಂಬಿತ್ತು. ಅರ್ಧ ಜನ ನಾಟಕ ನೋಡಲು, ಅರ್ಧ ಜನ ತಾತ್ಯಾ ಮರೆಯುತ್ತಾರೋ ಎಂದು ನೋಡಲು. ಬಣ್ಣದ ಕೋಣೆಯಿಂದ ಗುಣುಗುಣು ಕೇಳುತ್ತಿತ್ತು. ಕಾಯಿ ಒಡೆದರು, ನೆಲ ಮುಟ್ಟಿದರು, ಕಂಬದ ಹತ್ತಿರ ಬಂದರು. ಹಗ್ಗದ ಮೇಲೆ ಕೈ.

"ಹಗ್ಗಾ ಹಿಡದೀಯೇನೋ, ಮಾದೇವಾ?"

"ಹಿಡದೀನ್ರಿ, ತಾತ್ಯಾ."

ನಾಟಕ ನಡೆಯಿತು. ಅವರು ಮೊದಲಿಗಿಂತ ನಿಧಾನ, ಮೊದಲಿಗಿಂತ ನಿಜ. ಕೊನೆಯ ದೃಶ್ಯ ಬಂತು. ಮಗಳ ಮಾತು ಮುಗಿಯಿತು. ಎಡಗೈಯಲ್ಲಿ ಬೀಗದ ಕೈ ಕಂಡಿತು. ಎರಡು ಉಸಿರು. ನಾಲ್ಕು. ಆರು.

ಅದೇ ಜಾಗ. ಅದೇ ಮೌನ.

ಎಂಟು. ಹತ್ತು. ಹಿಂದೆ ನಾನು ಬಿಟ್ಟದ್ದು ಇಲ್ಲಿ. ಹಗ್ಗವನ್ನು ಗೂಟಕ್ಕೆ ಇನ್ನೊಂದು ಸುತ್ತು ಸುತ್ತಿದೆ, ಕೈ ನನ್ನ ಮಾತು ಕೇಳದಿದ್ದರೆ ಎಂದು. ಹದಿಮೂರು. ಬೆಳಕಿನ ಹುಡುಗ ನನ್ನತ್ತ ನೋಡಿ ಕೈ ಕೆಳಗೆ ಮಾಡಿದ: ಬಿಡು, ಬಿಡು. ಹದಿನೈದು. ಎದುರಿನ ವಿಂಗ್‌ನಲ್ಲಿ ಸಬನೀಸ್ ಬಾಯಿ ಕೈಕಟ್ಟಿ ನಿಂತಿದ್ದರು. ಅವರತ್ತ ನೋಡಿದೆ. ಅವರು ಬೇಕೆಂದೇ ನೆಲ ನೋಡತೊಡಗಿದರು. ಹೊರಗೆ ಯಾರೋ ಕೆಮ್ಮಿ, ತಡೆದುಕೊಂಡರು. ಹದಿನೆಂಟು. ನನ್ನ ಕಣ್ಣಲ್ಲಿ ನೀರಿತ್ತು, ಆದರೆ ಮುಂದೆ ಕೂತವರು ಈಗ ಹೇಗೆ ಬಾಗಿರುತ್ತಾರೆಂದು ನನಗೆ ಗೊತ್ತಿತ್ತು. ಇಪ್ಪತ್ತಮೂರು. ಆಮೇಲೆ ಎಣಿಸುವುದನ್ನೇ ಬಿಟ್ಟೆ. ನಿಂತೆ.

ಬೀಗದ ಕೈ ನನಗೆ ಕಾಣುವ ಪಟ್ಟಿಯಿಂದ ಆಚೆ ಹೋಯಿತು. ಮಗಳ ಕೈಗೆ ಕೊಟ್ಟರು. ಆಮೇಲೆ ಅವರ ದನಿ ಬಂತು, ಬಣ್ಣದ ಕೋಣೆಯ ಬಾಗಿಲಾಚೆಯಿಂದ ಕೇಳುತ್ತಿದ್ದ ಅದೇ ದನಿ:

"ಈಗ ಬಾಗಲಾ ನೀನ ತಗಿ, ಯವ್ವಾ."

ಕನ್ನಡ! ಮರಾಠಿ ನಾಟಕದ ಕೊನೆಯ ಮಾತು, ಪುಣೆಯ ನಡುಪೇಟೆಯಲ್ಲಿ, ತಿಕೋಟೆಯ ಕನ್ನಡದಲ್ಲಿ. ಬೆಳಕಿನ ಹುಡುಗ ಇನ್ನೂ ಆ ಮರಾಠಿ ಶಬ್ದಕ್ಕೇ ಕಾಯುತ್ತಿದ್ದ. ಅದು ಬರುವುದಿಲ್ಲವೆಂದು ನನ್ನ ಹೊರತು ವಿಂಗ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಾತು ಮುಗಿದಿತ್ತು. ಗೂಟದಿಂದ ಸುತ್ತು ಬಿಚ್ಚಿ, ಒಂದು, ಎರಡು, ಮೂರು, ನಾಲ್ಕು ಉಸಿರಿನಲ್ಲಿ ಪರದೆ ಇಳಿಸಿದೆ. ನನ್ನ ಕೈಯಿಂದ ಇಳಿದ ಕೊನೆಯ ಪರದೆ ಅದು.

ಹೊರಗೆ ಜನ ಎದ್ದು ನಿಂತ ಸದ್ದು, ಆಮೇಲೆ ಚಪ್ಪಾಳೆ. ಮಗಳ ಪಾತ್ರದ ನಟಿ ಬೀಗದ ಕೈ ಎದೆಗೊತ್ತಿಕೊಂಡು ಅಳುತ್ತಿದ್ದಳು; ಅವಳಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ, ತಿಳಿಯದೇ ಉಳಿದದ್ದೂ ಏನಿರಲಿಲ್ಲ. ಕೊನೆಗೆ ಬೇರೆ ಭಾಷೆ ತಂದದ್ದು ನಿರ್ದೇಶಕರ ಹೊಸ ಯೋಚನೆ ಎಂದು ಮರುದಿನ ಕೆಲವರು ಫೋನಿನಲ್ಲಿ ಹೊಗಳಿ ಬರೆದರು. ಯಾರೂ ಅದನ್ನು ತಿದ್ದಲಿಲ್ಲ.

ತಾತ್ಯಾ ನನ್ನ ಕಂಬದ ಹತ್ತಿರ ಬಂದರು. ಬೆವರಿನಲ್ಲಿ ಬಣ್ಣ ಇಳಿದಿತ್ತು. ನನ್ನ ಕೈಯಲ್ಲಿದ್ದ ಹಗ್ಗವನ್ನು ತಾವೂ ಹಿಡಿದು ಸುಧಾರಿಸಿಕೊಂಡರು. ಮುಖ ನೋಡಿದೆ. ತಾವು ಯಾವ ಭಾಷೆಯಲ್ಲಿ ಹೇಳಿದೆವೆಂದು ಅವರಿಗೆ ಗೊತ್ತೇ ಇರಲಿಲ್ಲ.

"ಸರಿ ಹೇಳಿದ್ನೇನೋ, ಮಾದೇವಾ?"

"ಒಂದಕ್ಷರ ತಪ್ಪಿಲ್ಲರಿ, ತಾತ್ಯಾ" ಎಂದೆ.